ಎರಡು ಸಾವಿರ ಸಿ.ಸಿ.ಯ ಗೆರೆ

1964ರ ಮೇ ತಿಂಗಳ ಆರಂಭದಲ್ಲಿ ಜಪಾನಿನ ಸುಜುಕಾ ಪಂದ್ಯಪಥದಲ್ಲಿ ಎರಡನೆಯ ಜಪಾನ್ ಗ್ರ್ಯಾನ್ ಪ್ರಿ ನಡೆಯಿತು. ಕಣದಲ್ಲಿದ್ದ ಕಾರುಗಳಲ್ಲಿ ಒಂದು ಜರ್ಮನಿಯ ಪೋರ್ಷೆ 904. ಓಟಕ್ಕೆಂದೇ ಹುಟ್ಟಿದ, ನೆಲಕ್ಕೆ ಅಂಟಿಕೊಂಡಂತಹ ತಗ್ಗು ಮೈಯ ಕಾರು ಅದು. ಅದರ ಎದುರಿಗೆ ನಿಂತವು ಪ್ರಿನ್ಸ್ ಎಂಬ ಸ್ವದೇಶಿ ಸಂಸ್ಥೆಯ ಸ್ಕೈಲೈನ್‌ಗಳು. ನಾಲ್ಕು ಬಾಗಿಲಿನ, ಸಂಸಾರಸ್ಥರು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಹೋಗುವಂತಹ ಕಾರುಗಳು. ಏಳನೆಯ ಸುತ್ತಿನಲ್ಲಿ ತೆತ್ಸು ಇಕುಜಾವಾ ಎಂಬ ತರುಣ ತನ್ನ ಸ್ಕೈಲೈನನ್ನು ಪೋರ್ಷೆಗಿಂತ ಮುಂದೆ ತಂದ. ಆ ಮುನ್ನಡೆ ಉಳಿದದ್ದು ಒಂದೇ ಸುತ್ತು. ಕೊನೆಗೆ ಗೆದ್ದದ್ದು ಪೋರ್ಷೆಯೇ, ಅದನ್ನು ಓಡಿಸಿದ ಸೊಕಿಚಿ ಶಿಕಿಬಾ. ಎರಡನೆಯ, ಮೂರನೆಯ ಸ್ಥಾನಗಳು ಸ್ಕೈಲೈನಿಗೆ ಬಂದವು. ಆದರೆ ಜಪಾನಿನ ಮೋಟಾರು ಇತಿಹಾಸದಲ್ಲಿ ನೆನಪಾಗಿ ಉಳಿದದ್ದು ಗೆದ್ದವನ ಓಟವಲ್ಲ, ಸೋತವನ ಆ ಒಂದು ಸುತ್ತು.

ಆ ಸ್ಕೈಲೈನಿನ ಹುಟ್ಟು ನನಗೆ ಓಟಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವ ಸಂಗತಿ. ಮೂಲತಃ ಅದು 1500 ಸಿ.ಸಿ.ಯ ನಾಲ್ಕು ಸಿಲಿಂಡರಿನ ಕಾರು. ಅಂತಹ ಎಂಜಿನ್ನಿನಿಂದ ಯುರೋಪಿನ ಕಾರುಗಳನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ಅದೇ ಸಂಸ್ಥೆಯ ದೊಡ್ಡ ಕಾರಾದ ಗ್ಲೋರಿಯಾದಲ್ಲಿ ಜಿ7 ಎಂಬ ಆರು ಸಿಲಿಂಡರಿನ, 1988 ಸಿ.ಸಿ.ಯ ಎಂಜಿನ್ ಇತ್ತು. ಅದನ್ನು ತೆಗೆದು ಇದರೊಳಗೆ ಕೂರಿಸಬೇಕು. ಆದರೆ ಆರು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತ ಆ ಎಂಜಿನ್ ಸ್ಕೈಲೈನಿನ ಮೂಗಿನೊಳಗೆ ಹಿಡಿಯುವುದಿಲ್ಲ. ಶಿನಿಚಿರೊ ಸಕುರಾಯಿ ಮತ್ತು ಅವರ ಜತೆಗಾರರು ಮಾಡಿದ ಕೆಲಸವನ್ನು ನಮ್ಮೂರಿನ ಬಡಗಿಯೂ ಒಪ್ಪುತ್ತಿದ್ದ: ಮುಂಭಾಗವನ್ನು ಕತ್ತರಿಸಿ, ನಡುವೆ 200 ಮಿಲಿಮೀಟರ್ ತಗಡು ಸೇರಿಸಿ, ಮತ್ತೆ ಬೆಸೆದರು. ಒಂದು ಗೇಣಿಗೆ ಸ್ವಲ್ಪ ಕಡಿಮೆ. ಓಟದ ನಿಯಮದ ಪ್ರಕಾರ ಅಂತಹ ಕಾರುಗಳನ್ನು 100ರ ಸಂಖ್ಯೆಯಲ್ಲಾದರೂ ತಯಾರಿಸಿರಬೇಕಿತ್ತು; ತಯಾರಿಸಿದರು. ಮರುವರ್ಷ ಅದೇ ಕಾರು ಮೂರು ವೆಬರ್ ಕಾರ್ಬುರೇಟರುಗಳೊಂದಿಗೆ, 125 ಅಶ್ವಶಕ್ತಿಯೊಂದಿಗೆ ಅಂಗಡಿಗೂ ಬಂದಿತು. ಆ ಉದ್ದ ಮೂಗಿನ ಕಾರನ್ನು ಚಿತ್ರದಲ್ಲಿ ನೋಡಿದವರಿಗೆ ಮುಂಚಕ್ರಕ್ಕೂ ಬಾಗಿಲಿಗೂ ನಡುವಿನ ಅಂತರ ತುಸು ಅಸಹಜವೆಂದು ಈಗಲೂ ತೋರುತ್ತದೆ. ಅದು ಸೇರಿಸಿದ ತುಂಡು.

ಹಳೆಯ ಜಪಾನಿ ಕಾರುಗಳಿಗೆ ದೊಡ್ಡ ಎಂಜಿನ್ ಕೂರಿಸಿ, ಅದಕ್ಕೆ ತಕ್ಕ ಗೇರ್‌ಬಾಕ್ಸು, ಹಿಂದಿನ ಡಿಫರೆನ್ಷಿಯಲ್ಲು ಹೊಂದಿಸುವ ಹವ್ಯಾಸ ಇಂದು ಲೋಕದ ಎಲ್ಲೆಡೆ ಹಬ್ಬಿದೆ. ಇದನ್ನು ಪುಂಡರ ಚಟವೆಂದು ಬಗೆಯುವವರು ಬಹಳ. ಇದು ಕಾರ್ಖಾನೆಯ ವಿರುದ್ಧ ನಡೆದ ಬಂಡಾಯವೆಂದು ಹಾಡುವವರೂ ಇದ್ದಾರೆ. ಎರಡೂ ಪೂರ್ಣ ಸತ್ಯವಲ್ಲ. ಮೊದಲು ಕತ್ತರಿಸಿ ಬೆಸೆದದ್ದು ಕಾರ್ಖಾನೆಯೇ. ಆಮೇಲಿನವರು ಅದನ್ನು ಮುಂದುವರಿಸಿದರು; ಮತ್ತು ಪ್ರತಿ ಸಲವೂ ಅವರು ಎಲ್ಲಿ, ಏನನ್ನು ಬಿಚ್ಚಬೇಕು ಎಂಬುದನ್ನು ತೀರ್ಮಾನಿಸಿದ್ದು ಸರ್ಕಾರದ ಒಂದು ಕಡತ. ನಿಯಮದ ಗೆರೆ ಎಲ್ಲಿ ಬಿದ್ದಿತೋ ಅಲ್ಲಿ ಸ್ಪ್ಯಾನರು ಕೆಲಸ ಶುರು ಮಾಡಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಂದ್ರ ಸರ್ಕಾರದ ಕಡತಗಳ ನಡುವೆ ಕುಳಿತವನಿಗೆ ಈ ಇತಿಹಾಸ ಹೀಗೆ ಕಾಣಿಸಿದರೆ ಓದುಗರು ಮನ್ನಿಸಬೇಕು.

ಪ್ರಿನ್ಸ್ ಸಂಸ್ಥೆಯೇ ಒಂದು ಆಜ್ಞೆಯಿಂದ ಹುಟ್ಟಿದ್ದು. ಅದರ ಬೇರುಗಳು ಎರಡು ವಿಮಾನ ಕಾರ್ಖಾನೆಗಳಲ್ಲಿದ್ದವು, ತಾಚಿಕಾವಾ ಮತ್ತು ನಕಾಜಿಮಾ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಜೀರೋ ವಿಮಾನದ ಎಂಜಿನ್ ನಕಾಜಿಮಾದ್ದು. ಯುದ್ಧ ಸೋತ ಮೇಲೆ ಅಮೆರಿಕದ ಆಡಳಿತ ವಿಮಾನ ತಯಾರಿಕೆಯನ್ನು ನಿಷೇಧಿಸಿತು. ಕೆಲಸ ಕಳೆದುಕೊಂಡ ಎಂಜಿನಿಯರುಗಳು ಕಾರಿನ ಕಡೆ ತಿರುಗಿದರು. ಪೆಟ್ರೋಲ್ ಸಿಗದ ಕಾಲ. ಆದುದರಿಂದ ತಾಚಿಕಾವಾದ ಗುಂಪು 1947ರಲ್ಲಿ ತಾಮಾ ಎಂಬ ಹೆಸರಿನ ಬ್ಯಾಟರಿ ಕಾರನ್ನು ಮಾಡಿತು. ಸ್ಕೈಲೈನಿನ ವಂಶವೃಕ್ಷದ ಬುಡದಲ್ಲಿರುವುದು ಒಂದು ವಿದ್ಯುತ್ ಕಾರು ಎಂಬುದನ್ನು ಇಲ್ಲಿ ನೆನಪಿಟ್ಟಿದ್ದರೆ ಸಾಕು. 1966ರಲ್ಲಿ ಪ್ರಿನ್ಸ್ ನಿಸ್ಸಾನಿನೊಳಗೆ ವಿಲೀನವಾಯಿತು. 1969ರಲ್ಲಿ ಬಂದ ಸ್ಕೈಲೈನ್ ಜಿಟಿ-ಆರ್‌ಗೆ ಆರು ಸಿಲಿಂಡರಿನ, 24 ವಾಲ್ವುಗಳ, 160 ಅಶ್ವಶಕ್ತಿಯ ಎಂಜಿನ್ ದೊರೆಯಿತು. ಅದರ ಗಾತ್ರ 1989 ಸಿ.ಸಿ.

ಎಲ್ಲವೂ 1988, 1989, 1998. ಯಾವುದೂ 2000 ದಾಟುವುದಿಲ್ಲ. ಇದು ಎಂಜಿನಿಯರನ ಆಯ್ಕೆಯಲ್ಲ, ತೆರಿಗೆಯದು. ಜಪಾನಿನ ವಾಹನ ಕಾನೂನು ಕಾರುಗಳನ್ನು ಎರಡು ಜಾತಿ ಮಾಡಿತ್ತು. 4.7 ಮೀಟರ್ ಉದ್ದ, 1.7 ಮೀಟರ್ ಅಗಲ, 2000 ಸಿ.ಸಿ. ಒಳಗಿದ್ದರೆ ಅದು ಚಿಕ್ಕ ಕಾರು, ಅದರ ಫಲಕದ ಸಂಖ್ಯೆ 5ರಿಂದ ಶುರು. ಇವುಗಳಲ್ಲಿ ಒಂದನ್ನು ಮೀರಿದರೂ 3ರ ಫಲಕ. 1989ರ ತೆರಿಗೆ ಸುಧಾರಣೆಯವರೆಗೆ 3ರ ಫಲಕದ ಕಾರಿಗೆ ವಾರ್ಷಿಕ ತೆರಿಗೆ 2000 ಸಿ.ಸಿ. ಕಾರಿನದ್ದಕ್ಕಿಂತ ಸುಮಾರು ಇಮ್ಮಡಿ. ಮಧ್ಯಮ ವರ್ಗದವನು ಆ ಗೆರೆಯನ್ನು ದಾಟುತ್ತಿರಲಿಲ್ಲ. ಅವನು ದಾಟದಿದ್ದುದರಿಂದ ಕಾರ್ಖಾನೆಯೂ ದಾಟುತ್ತಿರಲಿಲ್ಲ.

ಆದರೆ ಹೊರದೇಶಕ್ಕೆ ಕಳಿಸುವ ಕಾರಿಗೆ ಆ ಗೆರೆ ಇಲ್ಲ. 1969ರಲ್ಲಿ ಹೊರಬಂದ ನಿಸ್ಸಾನ್ ಫೇರ್‌ಲೇಡಿ ಝಡ್‌ನಲ್ಲಿ ಈ ವ್ಯತ್ಯಾಸ ಅಂಗೈಯ ನೆಲ್ಲಿಕಾಯಿಯಂತೆ ಕಾಣುತ್ತದೆ. ಅಮೆರಿಕದಲ್ಲಿ ಅದು ಡಾಟ್ಸನ್ 240ಝಡ್; 2393 ಸಿ.ಸಿ.ಯ ಎಲ್24 ಎಂಜಿನ್, 151 ಅಶ್ವಶಕ್ತಿ. ತವರಿನಲ್ಲಿ ಸಾಮಾನ್ಯನಿಗೆ ಸಿಕ್ಕಿದ್ದು 2000 ಸಿ.ಸಿ.ಯ ಎಲ್20, 130 ಅಶ್ವಶಕ್ತಿ. ಮೈ ಒಂದೇ, ಎದೆ ಬೇರೆ. ಎಲ್ ಸರಣಿಯ ಎಂಜಿನ್ನುಗಳೆಲ್ಲ ಒಂದೇ ಮನೆತನದವು, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ಹಾಗಾಗಿ ಜಪಾನಿನ ಗ್ಯಾರೇಜುಗಳ ಮೊದಲ ಕೆಲಸ, ಅಮೆರಿಕದವನಿಗೆ ಕೊಟ್ಟು ತಮಗೆ ಕೊಡದಿದ್ದುದನ್ನು ತಾವೇ ಕೂರಿಸಿಕೊಳ್ಳುವುದಾಯಿತು. ಸರಣಿಯ ಕೊನೆಯ ದೊಡ್ಡ ಎಂಜಿನ್ ಎಲ್28 ಬಂದ ಮೇಲೆ ಆಸೆ ಇನ್ನೂ ಬೆಳೆಯಿತು.

ಇಲ್ಲೊಂದು ಜಾಣತನದ ಕಥೆಯಿದೆ. ಎಂಜಿನ್ನಿನ ಗಾತ್ರ ಎಂದರೆ ಪಿಸ್ಟನ್ನಿನ ಅಗಲ, ಅದು ಮೇಲೆ ಕೆಳಗೆ ಚಲಿಸುವ ದೂರ, ಸಿಲಿಂಡರುಗಳ ಸಂಖ್ಯೆ, ಇವಿಷ್ಟರಿಂದ ಹೊರಡುವ ಲೆಕ್ಕ. ಎಲ್28ರಲ್ಲಿ ಅಗಲ 86 ಮಿ.ಮೀ., ಚಲನೆ 79 ಮಿ.ಮೀ.; ಒಟ್ಟು 2753 ಸಿ.ಸಿ. ಅಗಲವನ್ನು ಕೊರೆದು ಹೆಚ್ಚಿಸಬಹುದು, ಆದರೆ ಗೋಡೆ ತೆಳ್ಳಗಾಗುತ್ತದೆ, ಅದಕ್ಕೊಂದು ಮಿತಿ. ಚಲನೆಯನ್ನು ಹೆಚ್ಚಿಸಬೇಕಾದರೆ ಬೇರೆ ಕ್ರ್ಯಾಂಕ್‌ಶಾಫ್ಟ್ ಬೇಕು, ಅದನ್ನು ಹೊಸದಾಗಿ ಎರಕ ಹೊಯ್ಯಿಸುವುದು ಗ್ಯಾರೇಜಿನವನ ಯೋಗ್ಯತೆಗೆ ಮೀರಿದ ಖರ್ಚು. ಯಾರಿಗೋ ಹೊಳೆಯಿತು: ನಿಸ್ಸಾನಿನದೇ ಒಂದು ಡೀಸೆಲ್ ಎಂಜಿನ್ ಇದೆ, ಎಲ್‌ಡಿ28. ಸೆಡ್ರಿಕ್ ಎಂಬ ದೊಡ್ಡ ಸಲೂನಿನೊಳಗೆ ಸದ್ದಿಲ್ಲದೆ, ಅಲ್ಲ, ಸದ್ದು ಮಾಡುತ್ತಲೇ ದುಡಿಯುತ್ತಿದ್ದ ಎಂಜಿನ್. ಅದರ ಕ್ರ್ಯಾಂಕಿನ ಚಲನೆ 83 ಮಿ.ಮೀ. ಡೀಸೆಲಿನ ಒತ್ತಡ ತಾಳಲು ಮಾಡಿದ್ದಾದುದರಿಂದ ಗಟ್ಟಿಮುಟ್ಟು. ಅದನ್ನು ತಂದು ಪೆಟ್ರೋಲಿನ ಎಲ್28ರ ಹೊಟ್ಟೆಯೊಳಗೆ ಇಟ್ಟು, ಸಿಲಿಂಡರುಗಳನ್ನು 89 ಮಿ.ಮೀ.ಗೆ ಕೊರೆದರೆ 3098 ಸಿ.ಸಿ. ಜಪಾನಿನಲ್ಲಿ ಇದನ್ನು 3.1 ಎಂದೇ ಕರೆದರು. ಅದರ ಪಕ್ಕಕ್ಕೆ ಮೂರು ಸೋಲೆಕ್ಸ್ ಕಾರ್ಬುರೇಟರು. ಜಪಾನಿನ ಮಿಕುನಿ ಸಂಸ್ಥೆ ಪರವಾನಗಿ ಪಡೆದು ತಯಾರಿಸುತ್ತಿದ್ದಂಥವು. ಹೆಡ್ಡಿನ ಗಾಳಿದಾರಿಗಳನ್ನು ಕೈಯಿಂದಲೇ ಉಜ್ಜಿ ನುಣುಪು ಮಾಡಬೇಕು, ಆರೂ ದಾರಿಗಳು ಒಂದೇ ಸಮ ಇರಬೇಕು. ಟ್ಯಾಕ್ಸಿಯ ಎಲುಬನ್ನು ಓಟದ ಕುದುರೆಯ ಬೆನ್ನಿಗೆ ಜೋಡಿಸಿದ ಈ ಉಪಾಯ ನಿಸ್ಸಾನಿನ ನಕ್ಷೆಯ ಕೋಣೆಯಲ್ಲಿ ಹುಟ್ಟಿದ್ದಲ್ಲ; ಭಾಗಗಳನ್ನು ಕೈಯಲ್ಲಿ ಹಿಡಿದು ಅಳೆದು ನೋಡಿದವರ ತಲೆಯಲ್ಲಿ ಹುಟ್ಟಿದ್ದು. ಮಿಚಿಹಾರು ಕುಸುನೊಕಿ 1990ರಿಂದ ಬರೆಯತೊಡಗಿದ ವಾಂಗನ್ ಮಿಡ್‌ನೈಟ್ ಎಂಬ ಚಿತ್ರಕಥೆಯಲ್ಲಿ ಒಡೆಯರನ್ನು ಬಲಿ ತೆಗೆದುಕೊಳ್ಳುವ ನೀಲಿ ಝಡ್ ಒಂದು ಬರುತ್ತದೆ. ಅದರ ಎದೆಯಲ್ಲಿರುವುದೂ ಹೀಗೆ 3.1ಕ್ಕೆ ಬೆಳೆಸಿ, ಎರಡು ಟರ್ಬೊ ಕೂರಿಸಿದ ಎಲ್28.

ಎರಡನೆಯ ಕಡತ ಹೊಗೆಯದು. 1970ರಲ್ಲಿ ಅಮೆರಿಕದಲ್ಲಿ ಬಂದ ವಾಯುಶುದ್ಧಿ ಕಾನೂನಿನ ಜಾಡಿನಲ್ಲಿ ಜಪಾನ್ 1973ರಿಂದ 1978ರವರೆಗೆ ಹಂತಹಂತವಾಗಿ ಹೊಗೆ ನಿಯಮ ಬಿಗಿ ಮಾಡಿತು. 1978ರ ಮಟ್ಟ ಆ ಕಾಲಕ್ಕೆ ಲೋಕದಲ್ಲೇ ಅತ್ಯಂತ ಕಠಿಣವೆನ್ನಿಸಿಕೊಂಡಿತ್ತು. ಜತೆಗೆ 1973ರ ತೈಲ ಬಿಕ್ಕಟ್ಟು. ಆ ವರ್ಷ ಬಂದ ಎರಡನೆಯ ಪೀಳಿಗೆಯ ಜಿಟಿ-ಆರ್ 197 ಕಾರುಗಳಿಗೇ ನಿಂತುಹೋಯಿತು. ಕಾರ್ಖಾನೆಗಳು ಓಟದ ಮಾತನ್ನೇ ಬಿಟ್ಟವು. ತೋಕಿಯೊದ ಆಗಿನ ಗಾಳಿಯನ್ನು ನೆನೆದರೆ ಆ ನಿಯಮ ತಪ್ಪೆನ್ನಲು ನನಗೆ ಮನಸ್ಸಿಲ್ಲ. ದೆಹಲಿಯ ನವೆಂಬರಿನಲ್ಲಿ ಉಸಿರಾಡಿದವರು ಯಾರೂ ಹಾಗೆನ್ನಲಾರರು. ಆದರೆ ಕಾರ್ಖಾನೆ ಬಿಟ್ಟ ಜಾಗ ಬರಿದಾಗಿ ಉಳಿಯಲಿಲ್ಲ. ಯಮಹಾದಲ್ಲಿ ಎಂಜಿನಿಯರಾಗಿದ್ದ ಹಿರೊಯುಕಿ ಹಸೆಗಾವಾ 1973ರಲ್ಲೇ ಫ್ಯೂಜಿ ಪರ್ವತದ ತಪ್ಪಲಲ್ಲಿ, ಹೈನುಗಾರಿಕೆಯ ಒಂದು ಕೊಟ್ಟಿಗೆಯಲ್ಲಿ ಎಚ್‌ಕೆಎಸ್ ಆರಂಭಿಸಿದರು. ಹೊರಗಿನಿಂದ ಕೊಂಡು ತಂದು ಕೂರಿಸಿಕೊಳ್ಳಬಹುದಾದ ಟರ್ಬೊ ಕಿಟ್ಟನ್ನು ಜಪಾನಿನಲ್ಲಿ ಮೊದಲು ಮಾರಿದವರು ಅವರೇ. ವ್ಯರ್ಥವಾಗಿ ಹೊರಹೋಗುವ ಹೊಗೆಯ ಬಲದಿಂದಲೇ ಒಂದು ಗಾಳಿಪಂಪನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯುಕ್ತಿ ಅದು, 2000 ಸಿ.ಸಿ.ಯ ಎಂಜಿನ್ 2000 ಸಿ.ಸಿ.ಯಾಗಿಯೇ ಉಳಿದು ಮೂರು ಸಾವಿರದ ಕೆಲಸ ಮಾಡುತ್ತದೆ. ತೆರಿಗೆಯ ಗೆರೆಯನ್ನು ದಾಟದೆ ದಾಟುವ ದಾರಿ. ಕಾರ್ಖಾನೆಯ ಕಾರಿನಲ್ಲಿ, ನಿಸ್ಸಾನ್ ಸೆಡ್ರಿಕ್‌ನಲ್ಲಿ, ಟರ್ಬೊ ಬಂದದ್ದು 1979ರ ಕೊನೆಗೆ.

1981ರಲ್ಲಿ ದಾಯಿಜಿರೊ ಇನಾದಾ ಅವರ ಆಪ್ಷನ್ ಪತ್ರಿಕೆ ಹೊರಬಂದಿತು. ಇಬಾರಾಕಿ ಪ್ರಾಂತದ ಯಾತಾಬೆ ಎಂಬಲ್ಲಿನ ಪರೀಕ್ಷಾಪಥವನ್ನು ಬಾಡಿಗೆಗೆ ಹಿಡಿದು ಗ್ಯಾರೇಜುಗಳು ಅಲ್ಲಿ ತಮ್ಮ ವೇಗ ಅಳೆಸಿಕೊಳ್ಳತೊಡಗಿದವು. 1983ರಲ್ಲಿ ಎಚ್‌ಕೆಎಸ್‌ನ ಟೊಯೊಟಾ ಸೆಲಿಕಾ ಎಕ್ಸ್‌ಎಕ್ಸ್ ಅಲ್ಲಿ ಗಂಟೆಗೆ 300 ಕಿ.ಮೀ. ದಾಟಿತು. ಅದೇ ವರ್ಷ ತೋಕಿಯೊದಲ್ಲಿ ಮಾರ್ಪಡಿಸಿದ ಕಾರುಗಳ ಮೊದಲ ಪ್ರದರ್ಶನ ನಡೆಯಿತು. ಇಂದು ಪ್ರತಿ ಜನವರಿಯಲ್ಲಿ ನಡೆಯುವ ತೋಕಿಯೊ ಆಟೊ ಸಲೂನಿನ ಮೂಲ ಅದು. ರಾತ್ರಿಯ ಹೆದ್ದಾರಿಗಳಲ್ಲಿ, ಬೆಟ್ಟದ ತಿರುವುಗಳಲ್ಲಿ ಓಡಿದವರ ಕಥೆಗಳೂ ಇದೇ ಕಾಲದವು. ಅವುಗಳಲ್ಲಿ ಸತ್ತವರಿದ್ದಾರೆ, ಏನೂ ಸಂಬಂಧವಿಲ್ಲದೆ ಎದುರಿಗೆ ಬಂದು ಸತ್ತವರೂ ಇದ್ದಾರೆ. ಆ ಭಾಗವನ್ನು ವೀರಗಾಥೆಯಾಗಿ ಹೇಳುವ ಬರಹಗಳು ಸಾಕಷ್ಟಿವೆ. ಇಲ್ಲಿ ಅದು ಬೇಡ.

ಎಂಜಿನ್ ದೊಡ್ಡದಾದರೆ ಸಾಲದು ಎಂಬುದನ್ನು ಈ ಹವ್ಯಾಸಿಗಳು ಕೈಸುಟ್ಟುಕೊಂಡು ಕಲಿತರು. ಅಶ್ವಶಕ್ತಿ ಎಂಜಿನ್ನಿನಿಂದ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಕ್ಲಚ್ಚು, ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್ಲು, ಆಕ್ಸಲ್ಲು, ಹೀಗೆ ಕೈಯಿಂದ ಕೈಗೆ ದಾಟಿಕೊಂಡು ಹೋಗಬೇಕು. ಪ್ರತಿಯೊಂದನ್ನೂ ಹಳೆಯ ಎಂಜಿನ್ನಿನ ಬಲಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಬಲ ಇಮ್ಮಡಿಯಾದಾಗ ಮೊದಲು ಕ್ಲಚ್ಚು ಜಾರುತ್ತದೆ. ಗಟ್ಟಿ ಕ್ಲಚ್ಚು ಹಾಕಿದರೆ ಗೇರಿನ ಹಲ್ಲು ಮುರಿಯುತ್ತದೆ. ಗೇರ್‌ಬಾಕ್ಸು ಬದಲಿಸಿದರೆ ಪೆಟ್ಟು ಹಿಂದಕ್ಕೆ ಸರಿದು ಡಿಫರೆನ್ಷಿಯಲ್ಲಿನ ಕ್ರೌನ್ ಚಕ್ರಕ್ಕೆ ಬೀಳುತ್ತದೆ. ದುರ್ಬಲವಾದದ್ದನ್ನು ಬಲಪಡಿಸಿದಂತೆಲ್ಲ ಮುರಿತ ಮುಂದಿನದಕ್ಕೆ ಹೋಗುತ್ತದೆ. ಝಡ್ ಕಾರಿಗೆ ಆರ್180 ಎಂಬ ಡಿಫರೆನ್ಷಿಯಲ್ ತೆಗೆದು ಆರ್200 ಹಾಕುವುದು ವಾಡಿಕೆ. ಆ ಅಂಕಿಗಳು ಕ್ರೌನ್ ಚಕ್ರದ ವ್ಯಾಸ, ಮಿಲಿಮೀಟರಿನಲ್ಲಿ. 20 ಮಿ.ಮೀ. ಹೆಚ್ಚು, ಅಷ್ಟರಲ್ಲೇ ಮುರಿಯುವುದಕ್ಕೂ ಬಾಳುವುದಕ್ಕೂ ನಡುವಿನ ವ್ಯತ್ಯಾಸ. ಗೇರಿನ ಅನುಪಾತವೂ ಹೊಂದಬೇಕು. ಹೊಂದದಿದ್ದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ. ಆಮೇಲೆ ಬ್ರೇಕು. ಓಡುವುದನ್ನು ಮೊದಲು ಯೋಚಿಸಿ ನಿಲ್ಲುವುದನ್ನು ಕೊನೆಗೆ ಯೋಚಿಸಿದವರ ಕಾರುಗಳು ಗುಜರಿಗೆ ಬೇಗ ಸೇರಿದವು.

ಶಕ್ತಿಯೊಂದೇ ಮುಖ್ಯವಲ್ಲ ಎಂಬುದಕ್ಕೆ ಟೊಯೊಟಾ ಎಇ86 ಸಾಕ್ಷಿ. 1983ರಿಂದ 1987ರವರೆಗೆ ತಯಾರಾದ, ಹಿಂಚಕ್ರ ಎಳೆಯುವ ಕೊರೊಲ್ಲಾ ಅದು, 1587 ಸಿ.ಸಿ., ಕಾಗದದ ಮೇಲೆ 130 ಅಶ್ವಶಕ್ತಿ. ಕೊರೊಲ್ಲಾದ ಉಳಿದ ಮಾದರಿಗಳು ಮುಂಚಕ್ರಕ್ಕೆ ಬದಲಾದಾಗ ಇದೊಂದು ಹಳೆಯ ವಿನ್ಯಾಸದಲ್ಲೇ ಉಳಿದಿತ್ತು. ಕೆಯಿಚಿ ತ್ಸುಚಿಯಾ ಇದನ್ನು ಬೆಟ್ಟದ ತಿರುವುಗಳಲ್ಲಿ ಓರೆಯಾಗಿ ಜಾರಿಸಿ ಓಡಿಸಿ ಹೆಸರಾದರು. ಶುಯಿಚಿ ಶಿಗೆನೊ 1995ರಲ್ಲಿ ಆರಂಭಿಸಿದ ಇನಿಷಿಯಲ್ ಡಿ ಚಿತ್ರಕಥೆಯಲ್ಲಿ ಸೋಯಾ ತೋಫು ಮಾರುವವನ ಮಗ ಓಡಿಸುವುದು ಇದನ್ನೇ. ಆ ಕಥೆಯಲ್ಲೂ ಒಂದು ದಿನ ಎಂಜಿನ್ ಸಿಡಿಯುತ್ತದೆ. ಅಪ್ಪ ಓಟದ ಎಂಜಿನ್ನೊಂದನ್ನು ತಂದು ಕೂರಿಸುತ್ತಾನೆ. ಮಗನಿಗೆ ತನ್ನದೇ ಕಾರು ಕೆಲಕಾಲ ಪರಕೀಯವಾಗುತ್ತದೆ. ಎಂಜಿನ್ ಬದಲಿಸಿದವರಿಗೆಲ್ಲ ಗೊತ್ತಿರುವ ಅನುಭವವನ್ನು ಆ ಲೇಖಕ ಚೆನ್ನಾಗಿ ಹಿಡಿದಿದ್ದಾರೆ.

1989ರಲ್ಲಿ ತೆರಿಗೆಯ ಗೆರೆ ಸಡಿಲವಾಯಿತು. ಆ ವರ್ಷವೇ ಹೊಸದೊಂದು ಗೆರೆ ಎದ್ದಿತು, ಈ ಸಲ ಕಾನೂನಿನದಲ್ಲ. ಯಾವ ಜಪಾನಿ ಕಾರೂ 280 ಅಶ್ವಶಕ್ತಿ ಮೀರಬಾರದೆಂದು ತಯಾರಕರೇ ಪರಸ್ಪರ ಒಪ್ಪಿಕೊಂಡರು. 2004ರಲ್ಲಿ ಹೋಂಡಾ ಲೆಜೆಂಡ್ 300ಕ್ಕೆ ಏರುವವರೆಗೂ ಅದು ನಡೆಯಿತು. ಅದೇ 1989ರಲ್ಲಿ ಮರಳಿ ಬಂದ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಎಂಜಿನ್ ಈ ಸೌಜನ್ಯದ ಒಳಗುಟ್ಟು. ಅದರ ಗಾತ್ರ 2568 ಸಿ.ಸಿ., ಯಾವ ಎಣಿಕೆಗೂ ಸಿಗದಂತೆ ತೋರುವ ಅಂಕಿ. ಗ್ರೂಪ್ ಎ ಓಟಗಳಲ್ಲಿ ಟರ್ಬೊ ಇದ್ದರೆ ಗಾತ್ರವನ್ನು 1.7ರಿಂದ ಗುಣಿಸಿ ವರ್ಗ ತೀರ್ಮಾನಿಸುತ್ತಿದ್ದರು. ಗುಣಿಸಿದರೆ 4366, ಅಂದರೆ 4500ರ ವರ್ಗದೊಳಗೆ. ಇಲ್ಲಿಯೂ ಕಡತವೇ ಗಾತ್ರ ಕೊಟ್ಟಿತು. ಓಟಕ್ಕೆ ಬೇಕಾದ ಐನೂರಕ್ಕೂ ಹೆಚ್ಚು ಅಶ್ವಶಕ್ತಿಯನ್ನು ತಾಳುವಂತೆ ಎರಕ ಹೊಯ್ದ ಕಬ್ಬಿಣದ ಬ್ಲಾಕಿಗೆ ರಸ್ತೆಯ ಕಾರಿನಲ್ಲಿ 280ರ ಮೂಗುದಾರ ಹಾಕಲಾಗಿತ್ತು. ಜಪಾನಿನ ದೇಶೀಯ ಸರಣಿಯಲ್ಲಿ ಆ ಕಾರು ಓಡಿದ 29 ಓಟಗಳನ್ನೂ ಗೆದ್ದಿತು. ಗ್ಯಾರೇಜಿನವನ ಕೆಲಸ ಆ ಮೂಗುದಾರ ಬಿಚ್ಚುವುದಷ್ಟೇ. ಆಸ್ಟ್ರೇಲಿಯಾದವರು ಇನ್ನೊಂದು ಹೆಜ್ಜೆ ಹೋದರು: ಅಲ್ಲಿನ ಹೋಲ್ಡನ್ ಕಮೊಡೋರ್ ಎಂಬ ಸಂಸಾರದ ಕಾರಿಗೆ ನಿಸ್ಸಾನ್ ಇದೇ ಮನೆತನದ ಮೂರು ಲೀಟರಿನ ಆರ್‌ಬಿ30 ಕೊಟ್ಟಿತ್ತು. ಅದರ ಕೆಳಭಾಗ, ಜಿಟಿ-ಆರ್‌ನ ಮೇಲ್ಭಾಗ, ಎರಡನ್ನೂ ಸೇರಿಸಿ ಜಪಾನಿನಲ್ಲೇ ಇಲ್ಲದ ಎಂಜಿನ್ನೊಂದನ್ನು ಮಾಡಿಕೊಂಡರು. ಡೀಸೆಲ್ ಕ್ರ್ಯಾಂಕಿನ ಅದೇ ಹಳೆಯ ಬುದ್ಧಿ.

ಮೂರನೆಯ ಕಡತ ತಪಾಸಣೆಯದು. ಲೋಕಕ್ಕೆಲ್ಲ ಈ ಹವ್ಯಾಸ ಹಬ್ಬಲು ಕಾರಣವಾದದ್ದು ಅದು. ಜಪಾನಿನಲ್ಲಿ ಶಾಕೆನ್ ಎಂಬ ಕಡ್ಡಾಯ ತಪಾಸಣೆಯಿದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಹತ್ತು ವರ್ಷ ದಾಟಿದ ಕಾರಿಗೆ 1995ರವರೆಗೂ ಪ್ರತಿ ವರ್ಷ. ಖರ್ಚು ದುಬಾರಿ. ಹಳೆಯ ಕಾರನ್ನು ಇಟ್ಟುಕೊಳ್ಳುವುದಕ್ಕಿಂತ ಬಿಟ್ಟುಕೊಡುವುದೇ ಲೇಸೆಂದು ಜನ ಬಿಟ್ಟರು. ಹಾಗೆ ಬಿಟ್ಟ, ಇನ್ನೂ ಗಟ್ಟಿಯಿರುವ ಕಾರುಗಳು ಹಡಗು ಹತ್ತಿ ನ್ಯೂಜಿಲೆಂಡಿಗೆ, ಪಾಕಿಸ್ತಾನಕ್ಕೆ, ಪೂರ್ವ ಆಫ್ರಿಕಕ್ಕೆ ಹೋದವು. ಇಡೀ ಕಾರನ್ನು ತರಿಸಲು ಕಾನೂನು ಬಿಡದ ಕಡೆಗೆ ನಡುವೆ ಕತ್ತರಿಸಿದ ಮುಂಭಾಗವಷ್ಟೇ ಹೋಯಿತು: ಎಂಜಿನ್, ಗೇರ್‌ಬಾಕ್ಸು, ತಂತಿಗಳು, ಕಂಪ್ಯೂಟರು ಎಲ್ಲ ಒಟ್ಟಿಗೆ. ಅಮೆರಿಕದಲ್ಲಿ ನಿಸ್ಸಾನ್ 240ಎಸ್‌ಎಕ್ಸ್ ಎಂಬ ಚೆಂದದ ಮೈಯ ಕಾರಿಗೆ ಪಿಕಪ್ ಟ್ರಕ್ಕಿನಲ್ಲಿ ಬರುತ್ತಿದ್ದ 2.4 ಲೀಟರಿನ ಎಂಜಿನ್ ಹಾಕಿ ಮಾರಿದ್ದರು. ಅದೇ ಕಾರಿನ ತವರಿನ ರೂಪವಾದ ಸಿಲ್ವಿಯಾದಲ್ಲಿ 1991ರಿಂದ ಎಸ್‌ಆರ್20 ಟರ್ಬೊ ಇತ್ತು, 205 ಅಶ್ವಶಕ್ತಿ. ಜಪಾನಿನಲ್ಲಿ ಗುಜರಿಯಾದ ಸಿಲ್ವಿಯಾದ ಎದೆ ಕ್ಯಾಲಿಫೋರ್ನಿಯಾದ 240ಎಸ್‌ಎಕ್ಸ್‌ನೊಳಗೆ ಬೋಲ್ಟಿಗೆ ಬೋಲ್ಟು ಕೂರುತ್ತಿತ್ತು. 1969ರಲ್ಲಿ ಜಪಾನಿನವನು ಅಮೆರಿಕದ ಎಂಜಿನ್ನಿಗೆ ಆಸೆಪಟ್ಟ; ಇಪ್ಪತ್ತೈದು ವರ್ಷದ ಮೇಲೆ ಅಮೆರಿಕದವನು ಜಪಾನಿನದ್ದಕ್ಕೆ.

ಜಪಾನ್ ಸರ್ಕಾರದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅಲ್ಲಿ ಎಂಜಿನ್ ಬದಲಿಸುವುದು ಅಪರಾಧವಲ್ಲ. ಮಾದರಿ ಬದಲಾದರೆ ಲೆಕ್ಕಪತ್ರ ಒಪ್ಪಿಸಬೇಕು. ಶಾಫ್ಟು ತಾಳುತ್ತದೆಯೇ, ಬ್ರೇಕು ಸಾಕೇ ಎಂಬುದನ್ನು ಅಂಕಿಗಳಲ್ಲಿ ತೋರಿಸಬೇಕು. ಒಪ್ಪಿದರೆ ಪ್ರಮಾಣಪತ್ರದಲ್ಲಿ ಹೊಸ ಎಂಜಿನ್ನಿನ ಹೆಸರು ಬರುತ್ತದೆ. 1995ರಲ್ಲಿ ಸಣ್ಣಪುಟ್ಟ ಮಾರ್ಪಾಡುಗಳ ನಿಯಮವನ್ನೂ ಸಡಿಲಿಸಿದರು. ಅಮೆರಿಕದ್ದು ಇನ್ನೊಂದು ರೀತಿ: 25 ವರ್ಷ ದಾಟಿದ ವಿದೇಶಿ ಕಾರಿಗೆ ಸುರಕ್ಷಾ ನಿಯಮಗಳಿಂದ ವಿನಾಯಿತಿ. 1989ರ ಜಿಟಿ-ಆರ್‌ಗೆ 2014ರಲ್ಲಿ ಆ ಬಾಗಿಲು ತೆರೆಯಿತು, ಬೆಲೆ ಏರತೊಡಗಿತು. 2017ರಲ್ಲಿ ನಿಸ್ಸಾನ್ ಆ ಹಳೆಯ ಕಾರಿನ ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಒಂದು ದೇಶದ ಕಡತ ಗುಜರಿ ಎಂದದ್ದನ್ನು ಇನ್ನೊಂದು ದೇಶದ ಕಡತ ಒಡವೆ ಮಾಡಿತು.

ಈ ಕಥೆಯಲ್ಲಿ ನಾವು ಪೂರ್ತಿ ಹೊರಗಿನವರೇನಲ್ಲ. 1985ರ ಪ್ರೀಮಿಯರ್ 118ಎನ್‌ಇಯ ಮೈ ಫಿಯೆಟ್ಟಿನದು, ಎಂಜಿನ್ ನಿಸ್ಸಾನಿನ 1171 ಸಿ.ಸಿ.ಯದು. ತೊಂಬತ್ತರ ದಶಕದಲ್ಲಿ ಅಂಬಾಸಡರಿಗೆ 1817 ಸಿ.ಸಿ.ಯ ಇಸುಜು ಎಂಜಿನ್ನೂ ಐದು ಗೇರಿನ ಬಾಕ್ಸೂ ಬಂದವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಕಚೇರಿಯ ಬಿಳಿಯ ಅಂಬಾಸಡರಿನ ಚಾಲಕ, ಇದು ಹೊರಗೆ ಮಾತ್ರ ಮುದುಕ ಸಾಹೇಬರೇ, ಒಳಗೆ ಜಪಾನಿ, ಎಂದು ಹೆಮ್ಮೆಪಡುತ್ತಿದ್ದ. ಎಲ್ಲಕ್ಕಿಂತ ಮಿಗಿಲಾಗಿ ಮಾರುತಿ 800. ಜಪಾನಿನಲ್ಲಿ ಅದರ ಮೂಲರೂಪವಾದ ಸುಜುಕಿ ಆಲ್ಟೊ ಅತಿ ಚಿಕ್ಕ ಕಾರುಗಳ ವರ್ಗಕ್ಕೆ ಸೇರಿದ್ದು. ಆ ವರ್ಗಕ್ಕೆ ಆಗ 550 ಸಿ.ಸಿ. ಮಿತಿ, ಅಗಲಕ್ಕೆ 1.4 ಮೀಟರ್. ನಮಗೆ ಬಂದದ್ದು ಆ ಕಿರಿದಾದ ಮೈಯೊಳಗೆ 796 ಸಿ.ಸಿ.ಯ ಎಂಜಿನ್. ನಮ್ಮ ಮೊಣಕೈಗಳು ಪರಸ್ಪರ ತಾಗುತ್ತಿದ್ದುದಕ್ಕೆ ಕಾರಣ ಜಪಾನಿನ ಒಂದು ನಿಯಮ. ಘಟ್ಟ ಹತ್ತುವಾಗ ಐದು ಜನ ಕುಳಿತರೂ ಅದು ಏರುತ್ತಿದ್ದುದಕ್ಕೆ ಕಾರಣ ಆ ನಿಯಮದಿಂದ ತಪ್ಪಿಸಿಕೊಂಡ ಎಂಜಿನ್.

ಅಂತಹ ಒಂದು ಮಾರುತಿ ನಮ್ಮ ಮನೆಯಲ್ಲೂ ಇತ್ತು. 1999ರಲ್ಲಿ ನನ್ನ ಮಾವನವರು ದೆಹಲಿಯಲ್ಲಿ ಕೊಂಡು, ನಿವೃತ್ತರಾಗಿ ಊರಿಗೆ ಹೊರಡುವಾಗ ನಮಗೆ ಬಿಟ್ಟುಹೋದದ್ದು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳು ರಸ್ತೆಗಿಳಿಯಬಾರದೆಂಬ ಆದೇಶ ಬಂದಾಗ ಅದಕ್ಕೆ ಸರಿಯಾಗಿ 15 ತುಂಬಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಹೆಂಡತಿ ಒಪ್ಪಲಿಲ್ಲ. ನಿರಾಕ್ಷೇಪಣಾ ಪತ್ರ ಪಡೆದು, ಲಾರಿಯ ಮೇಲೆ ಹೇರಿ ಶಿರಸಿಯ ಭಾವನ ಮನೆಗೆ ಕಳಿಸಿದೆವು. ಅಲ್ಲಿ ಯೋಗ್ಯತಾ ಪರೀಕ್ಷೆ ಮಾಡಿಸಿ, ಹಸಿರು ತೆರಿಗೆ ಕಟ್ಟಿದರೆ ಮರುನೋಂದಣಿ ಸಿಗುತ್ತದೆ, ಸಿಕ್ಕಿತು. ಶಾಕೆನ್ನಿಗೆ ಹೆದರಿ ಹಡಗು ಹತ್ತಿದ ಕಾರುಗಳ ವಿಷಯ ಓದುವಾಗಲೆಲ್ಲ ನನಗೆ ಆ ಲಾರಿಯೇ ಕಣ್ಣೆದುರು ಬರುತ್ತದೆ.

ತೋಕಿಯೊ ಆಟೊ ಸಲೂನಿನಲ್ಲಿ 2023ರ ಜನವರಿಯಲ್ಲಿ ಟೊಯೊಟಾ ಎರಡು ಎಇ86 ಕಾರುಗಳನ್ನು ಇಟ್ಟಿತ್ತು. ಒಂದಕ್ಕೆ ಜಲಜನಕ ಉರಿಯುವ ಎಂಜಿನ್, ಹಿಂದೆ ಮಿರಾಯ್ ಕಾರಿನಿಂದ ತಂದ ಎರಡು ಜಲಜನಕದ ಟ್ಯಾಂಕು. ಇನ್ನೊಂದಕ್ಕೆ ಟುಂಡ್ರಾ ಎಂಬ ಹೈಬ್ರಿಡ್ ಟ್ರಕ್ಕಿನ ವಿದ್ಯುತ್ ಮೋಟಾರು, ಪ್ರಿಯಸ್ಸಿನ ಬ್ಯಾಟರಿ. ಆದರೆ ಕ್ಲಚ್ಚು, ಕೈಗೇರು ಹಾಗೆಯೇ ಉಳಿಸಿದ್ದರು, ಮೋಟಾರಿಗೆ ಅವು ಬೇಕಿಲ್ಲದಿದ್ದರೂ. ಒಂದರ ಭಾಗ ಇನ್ನೊಂದಕ್ಕೆ ಹೊಂದಿಸುವ ಗ್ಯಾರೇಜಿನ ಬುದ್ಧಿಯನ್ನು ಕಾರ್ಖಾನೆ ಮರಳಿ ಕಲಿಯುತ್ತಿರುವಂತೆ ತೋರಿತು. 2025ರಲ್ಲಿ ನಿಸ್ಸಾನಿನ ಎಂಜಿನಿಯರುಗಳು 1989ರ ಪೀಳಿಗೆಯ ಜಿಟಿ-ಆರ್‌ನ ಎಂಜಿನ್ ತೆಗೆದು ಲೀಫ್ ಕಾರಿನ ಎರಡು ಮೋಟಾರುಗಳನ್ನು ಕೂರಿಸಿ ತೋರಿಸಿದರು. ತಾಮಾದಿಂದ ಹೊರಟ ವಂಶ ಮತ್ತೆ ಬ್ಯಾಟರಿಗೆ ಬಂದಂತಾಯಿತು. ಆ ಕಾರಿನಲ್ಲಿ ಧ್ವನಿವರ್ಧಕಗಳಿವೆ. ವೇಗ ಏರಿದಂತೆ ಆರ್‌ಬಿ26ರ ಗರ್ಜನೆಯನ್ನು ಅವು ನುಡಿಸುತ್ತವೆ.

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ಭಾವ ಫೋನು ಮಾಡಿದ್ದರು. ಮಾರುತಿ ಘಟ್ಟ ಹತ್ತುವಾಗ ನೀಲಿ ಹೊಗೆ ಬಿಡುತ್ತಿದೆ, ರಿಂಗುಗಳು ಸವೆದಿವೆ. ಅಲ್ಲಿನ ಮೆಕ್ಯಾನಿಕ್ಕಿನ ಬಳಿ ಅಪಘಾತವಾದ ಝೆನ್ ಕಾರಿನ 993 ಸಿ.ಸಿ. ಎಂಜಿನ್ ಇದೆಯಂತೆ, ಸ್ವಲ್ಪ ಕತ್ತರಿಸಿ ಬೆಸೆದರೆ ಕೂರಿಸಬಹುದಂತೆ. "ಆರ್‌ಟಿಓದವರು ಬಿಡ್ತಾರಾ? ನೀವು ದಿಲ್ಲಿಯವರು, ಸರ್ಕಾರದವರು. ನೀವೇ ಹೇಳಿ ಭಾವ" ಎಂದರು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ನಾನು ಓದಿ ಹೇಳಿದೆ. ತಯಾರಕ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸಕೂಡದು. 2019ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಬ್ಯಾಟರಿಗೋ ಗ್ಯಾಸಿಗೋ ಬದಲಿಸುವ ಅನುಮೋದಿತ ಕಿಟ್ಟಿಗೆ ಅವಕಾಶವಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಹಾಗಾದರೆ ಇದನ್ನೇ ಬಿಚ್ಚಿಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುತ್ತೇನೆ, ಅದಕ್ಕೆ ಯಾರನ್ನೂ ಕೇಳಬೇಕಿಲ್ಲವಲ್ಲ, ಎಂದರು. ಬೇಕಿಲ್ಲ ಎಂದೆ.